ಅಪಶಕುನದ ಸಾಲು

ಅತ್ತಿಗೆಯ ಕಂಪ್ಯೂಟರಿನ ಬೆಳ್ಳಗೆ ಹೊಳೆಯುವ ಪರದೆ, ಅದರಲ್ಲಿ ನನ್ನದೇ ಮೀಸೆಯ ನೆರಳು, ಆಹಾ ಎಂಥ ಮೀಸೆ, ನಾನು ಒಮ್ಮೆ ಕೆಮ್ಮಿದರೆ ಸಾಕು, ಕೊಚ್ಕೋರಿನಿಂದ ಓಶ್‌ವರೆಗೆ ಕೆಟ್ಟು ಕೂತ ಕಂಪ್ಯೂಟರುಗಳೆಲ್ಲ ಎದ್ದು ಸಲಾಂ ಹೊಡೆಯುತ್ತವೆ, ಸಾಫ್ಟ್‌ವೇರ್ ಹಾಕುವ ಕೈಪಿಡಿಯನ್ನು ರಷ್ಯನ್‌ನಿಂದ ನಮ್ಮ ಕಿರ್ಗಿಜ್ ಭಾಷೆಗೆ ತಂದವನು ನಾನು, ಅದನ್ನು ಓದಿ ನಮ್ಮ ಕುದುರೆಗಳೂ ಕಂಪ್ಯೂಟರ್ ಕಲಿತಿವೆ — ಹಾಗಿರುವಾಗ ಅತ್ತಿಗೆ ಯಾಕೆ ಹಾಗೆ ಕೂತಿದ್ದಾರೆ, ಮಡಿಲಲ್ಲಿ ಅಂಗೈ ಎರಡೂ ಬಿಚ್ಚಿಕೊಂಡು. ಏ ಬಡಾಯಿ, ಎನ್ನುತ್ತಾರೆ, ಗಂಡನ ತಮ್ಮನ ಹೆಸರು ಹೇಳಬಾರದಲ್ಲ, ಸೊಸೆಯಾಗಿ ಬಂದ ದಿನವೇ ಇಟ್ಟ ಹೆಸರು, ಬೆಳಿಗ್ಗೆ ನಾನೇ ಇಡೀ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಹಾಕ್ದೆ ಕಣೋ, ನೀನು ಬರ್ದ ಹಾಗೇ ಒಂದೊಂದೇ ಒತ್ತಿದೀನಿ, ಈಗ ನಿಮ್ಮಣ್ಣನ ಆಶೀರ್ವಾದ ಹಾಕು, ಕೇಳೋಣ — ಅಣ್ಣ ಸಾಯುವ ಮುಂಚೆ ಮಗಳು ಜಿಪಾರ್‌ಗೆಂದು ಈ ಕಂಪ್ಯೂಟರಿನಲ್ಲೇ ಮಾತಾಡಿಟ್ಟಿದ್ದ, ಕೆಮ್ಮುತ್ತ, ನಗುತ್ತ, ನಾಳೆ ಅವಳು ಗಂಡನ ಮನೆಗೆ ಹೊರಡುವಾಗ ಎಲ್ಲರೂ, ಆಶೀರ್ವಾದ ಪಡೆಯುವ ನಮ್ಮ ಪದ್ಧತಿಯಂತೆ, ಅಂಗೈ ಬಿಚ್ಚಿ ಅದನ್ನು ಕೇಳಬೇಕು, ಹುಡುಕುತ್ತೇನೆ, ಇಲ್ಲ, ಮತ್ತೆ ಹುಡುಕುತ್ತೇನೆ, ಕುರಿಮಂದೆ ಮೇಯ್ದು ಹೋದ ಬಯಲಿನ ಹಾಗಿದೆ ಒಳಗೆಲ್ಲ, ಇನ್ನೊಂದು ಪ್ರತಿ ಎಲ್ಲಿಟ್ಟಿದ್ದೀರಿ ಅತ್ತಿಗೆ, ಇನ್ನೊಂದು ಯಾಕೋ, ಇದ್ರಲ್ಲೇ ಇತ್ತಲ್ಲ. ಈ ಹಾಳು ನಾಲಗೆ, ನೀವೇ ಏನೋ ತಪ್ಪು ಒತ್ತಿರಬೇಕು ಎಂದುಬಿಟ್ಟಿತು, ಅವರ ಮುಖ ಬಿಳಿಚಿತು, ಅಯ್ಯೋ, ನಾನೇನಾ, ಅವರ ದನೀನ ನಾನೇ ಕಳೆದ್ನಾ — ನಾನು ತಲೆಯೆತ್ತದೆ ಇನ್ನೊಮ್ಮೆ ಹುಡುಕುತ್ತೇನೆ. ಒಳಗೆ ನಾಳೆಗೆಂದು ಬೋರ್ಸೊಕ್ ಹಿಟ್ಟಿನ ತುಂಡು ಕರಿಯುತ್ತಿದ್ದ ಜಿಪಾರ್ ಎಣ್ಣೆಗೈಯಲ್ಲೇ ಬಂದು, ಫೋನಿನಲ್ಲಿ ಕೈಪಿಡಿಯ ರಷ್ಯನ್ ಮೂಲ ತೆಗೆದು, ಚಿಕ್ಕಪ್ಪ, ಇಲ್ಲಿ ಶುರುವಿನಲ್ಲೇ ಇದ್ಯಲ್ಲ, ಹಳೇದೆಲ್ಲ ಅಳಿಸಿಹೋಗುತ್ತೆ, ಮೊದ್ಲು ಬೇರೆ ಕಡೆ ತೆಗೆದಿಟ್ಕೊಳ್ಳಿ ಅಂತ, ನಿಮ್ಮದ್ರಲ್ಲಿ ಆ ಜಾಗದಲ್ಲಿ ನಿಮ್ಮ ದಾರಿ ಬೆಳ್ಳಗಿರಲಿ ಅಂತಿದೆ? ಎನ್ನುತ್ತಾಳೆ. ಹೌದಮ್ಮ, ಕೆಲಸ ಹಿಡಿಯುವ ಮೊದಲೇ ಅಳಿಸಿಹೋಗುತ್ತದೆ ಅನ್ನುವುದುಂಟೇ, ಅಪಶಕುನ, ನಮ್ಮವರು ಆಶೀರ್ವಾದದಿಂದಲ್ಲವೇ ಶುರು ಮಾಡುವುದು, ಎಂಥ ಅನುವಾದ ಎಂದು ಊರೆಲ್ಲ ಹೊಗಳಿತ್ತು — ಇಲ್ಲ, ಊರು ಹೊಗಳಲಿಲ್ಲ, ಯಾರೂ ಹೊಗಳಲಿಲ್ಲ, ನಾನೇ ಹೊಗಳಿಕೊಂಡೆ. ಅತ್ತಿಗೆ, ನೀವು ಒತ್ತಿದ್ದೆಲ್ಲ ಸರಿಯಾಗೇ ಇತ್ತು, ಆ ಸಾಲು ಕಿತ್ತವನು ನಾನು, ಅಣ್ಣನ ದನಿ ಅಳಿಸಿದ್ದು ನಾನು, ಎಂದೆ, ಕೇಳಿಸಿತೋ ಇಲ್ಲವೋ, ಅವರು ಪರದೆಯನ್ನೇ ನೋಡುತ್ತಿದ್ದಾರೆ, ಮಡಿಲಲ್ಲಿ ಅಂಗೈ ಎರಡೂ ಹಾಗೇ ಬಿಚ್ಚಿವೆ, ಇನ್ನೂ ಬಿಚ್ಚಿವೆ