ನೂರ ಹನ್ನೆರಡೋ ಇನ್ನೂರ ಮೂರೋ

ಕೊಯಮತ್ತೂರಿನ ಬಳಿಯ ಸಿರುಮುಗೈಯ ಸಮುದಾಯ ರೇಡಿಯೋದಲ್ಲಿ ಕನ್ನಡಕ್ಕೆ ಸಿಗುವುದು ಶನಿವಾರ ನಾಲ್ಕು ಗಂಟೆಯ ಅರ್ಧ ತಾಸು ಮಾತ್ರ. ಉಳಿದ ಹೊತ್ತೆಲ್ಲ ತಮಿಳು. ನೇಕಾರರ ಮನೆಗಳಲ್ಲಿ ಅಡುಗೆಮನೆಯಿಂದ ಮಗ್ಗದವರೆಗೆ ಓಡಾಡಿಕೊಂಡಿರುವ ಕನ್ನಡ ವಾರಕ್ಕೊಮ್ಮೆ ಚಪ್ಪಲಿ ಮೆಟ್ಟಿ ಬೀದಿಗೆ ಇಳಿಯುವುದು ಆಗಲೇ. ಅಲ್ಲಿ ಧರಣಿಗೆ ಗಾಜಿನ ಹಿಂದಿನ ಕೆಲಸ. ದನಿ ಏರಿಸಬೇಕು, ಇಳಿಸಬೇಕು, ಫೋನು ಜೋಡಿಸಬೇಕು. ಪದವಿ ಮುಗಿಸಿ ಬಂದು ವರ್ಷವಾದರೂ ಅವಳು ಮೈಕಿನಲ್ಲಿ ಒಂದು ಮಾತು ಆಡಿರಲಿಲ್ಲ. ಆಡಬೇಕಾದ್ದೆಲ್ಲ ಡೈರಿಗೆ ಹೋಗುತ್ತಿತ್ತು. "ಊರಿಗೆಲ್ಲ ಬಾಯಿ ಕೊಡ್ತಾಳೆ, ಇವಳಿಗೇ ಬಾಯಿಲ್ಲೆ" ಎಂದು ಅಜ್ಜಿ ಸೆಲ್ಲಮ್ಮ ಹಂಗಿಸುತ್ತಿದ್ದಳು.

ಈ ಶನಿವಾರ ಅದೇ ಅಜ್ಜಿ ಗಾಜಿನ ಆಚೆ ಕೂತಿದ್ದಳು. ಪಕ್ಕದಲ್ಲಿ ಸುಮುಖ. ಮೈಸೂರಿನಿಂದ ಬಂದು ಕೊಯಮತ್ತೂರಿನಲ್ಲಿ ಎಂಜಿನಿಯರಾಗಿರುವವನು, ವಾರಕ್ಕೊಂದು ವಿಚಿತ್ರ ವಿಜ್ಞಾನ ಹೇಳಲು ಬಸ್ಸು ಹಿಡಿದು ಬರುವವನು. ಇಬ್ಬರ ನಡುವೆ ಮೇಜಿನ ಮೇಲೆ ತಾತನ ಅಟ್ಟೆಗಳ ಸರ.

ಅಟ್ಟೆ ಎಂದರೆ ತೂತು ಕೊರೆದ ರಟ್ಟಿನ ಪಟ್ಟಿ. ತೂತಿದ್ದಲ್ಲಿ ಮಗ್ಗದ ಎಳೆ ಏಳುತ್ತದೆ, ಇಲ್ಲದಲ್ಲಿ ಮಲಗಿರುತ್ತದೆ. ಅಂಥ ಇನ್ನೂರ ನಲವತ್ತನ್ನು ದಾರದಲ್ಲಿ ಹೊಲಿದು ಮಗ್ಗದ ಮೇಲೆ ತಿರುಗಿಸಿದರೆ ಸೀರೆಯ ಸೆರಗಿನಲ್ಲಿ ಎದುರುಬದುರು ಕೂತ ಗಿಣಿಜೋಡಿ ಬರುತ್ತದೆ. ತಾತ ಬೇಕೆಂದೇ ಎಲ್ಲೋ ಒಂದು ತೂತು ಹೆಚ್ಚು ಕೊರೆದಿದ್ದಾರೆ, ಅಲ್ಲಿ ಜರಿಯ ಚುಕ್ಕಿಯೊಂದು ಸಲ್ಲದ ಕಡೆ ಮೂಡುತ್ತದೆ, ಅದು ದೃಷ್ಟಿಗೆ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಸೀರೆಯ ಮೇಲೆ ಹೆಸರು ಹಾಕದ ನೇಕಾರನಿಗೆ ಇದ್ದ ರುಜು ಅದೊಂದೇ.

ತಾತ ಹೋಗಿ ಆರು ವರ್ಷ. ಅಟ್ಟೆಗಳು ಈಗ ಮುಟ್ಟಿದರೆ ಹಪ್ಪಳ. ಹೊಸ ಸರ ಮಾಡಿಸಲೆಂದು ಸುಮುಖ ಎಲ್ಲದರ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದ. ಎಡದ ಗಿಣಿಯನ್ನು ಬಲದ ಗಿಣಿಯ ಜೊತೆ ಹೋಲಿಸಿ ನೋಡಿದ ಕಂಪ್ಯೂಟರು, ಹೆಚ್ಚಿನ ತೂತು ಒಂದಲ್ಲ, ಎರಡು ಎಂದಿತು. ನೂರ ಹನ್ನೆರಡನೇ ಅಟ್ಟೆಯಲ್ಲೊಂದು, ಇನ್ನೂರ ಮೂರರಲ್ಲೊಂದು.

"ಒಂದು ನಿಮ್ ತಾತಂದು, ಇನ್ನೊಂದು ಹುಳದ್ದು" ಎಂದಿದ್ದ ಮೆಷಿನ್ನಿನಲ್ಲಿ ಹೊಸ ಅಟ್ಟೆ ಹೊಡೆದುಕೊಡುವ ದೀನದಯಾಳನ್. "ಯಾವ್ದ ಉಳಿಸ್ಲಿ, ಯಾವ್ದ ಮುಚ್ಲಿ? ಸೋಮವಾರ ಬಂದು ಹೇಳು."

ಹುಳದ್ದಲ್ಲ ಎಂಬುದು ಧರಣಿಗೊಬ್ಬಳಿಗೇ ಗೊತ್ತು. ಫೋಟೋಗೆ ಮೊದಲು ಹರಿದ ಅಟ್ಟೆಗಳ ಬೆನ್ನಿಗೆ ಟೇಪು ಹಚ್ಚಿದವಳು ಅವಳು. ಟೇಪಿನಡಿ ಮುಚ್ಚಿಹೋದ ತೂತುಗಳನ್ನು ಕೈವಾರದ ಮೊನೆಯಿಂದ ಮತ್ತೆ ಚುಚ್ಚಿದವಳೂ ಅವಳೇ. ಆ ಎರಡು ಅಟ್ಟೆಗಳ ಬೆನ್ನ ಮೇಲೂ ಅವಳ ಟೇಪಿತ್ತು; ತೂತಿನ ಅಂಚು ಪುಡಿಯಾಗಿ, ಯಾವುದು ಹಳೆಯದು ಯಾವುದು ತನ್ನದು ಎಂದು ನೋಡಿ ಹೇಳುವಂತಿರಲಿಲ್ಲ. ಓಡಿಹೋಗಿ ಡೈರಿ ತೆಗೆದಳು. 'ಇಂದು ಹದಿನೇಳು ಅಟ್ಟೆಗಳಿಗೆ ಟೇಪು ಹಚ್ಚಿದೆ. ಸುಮುಖ ಅವರು ಟೀ ಕುಡಿಯುವಾಗ ಕಣ್ಣು ಮುಚ್ಚುತ್ತಾರೆ' ಎಂದಿತ್ತು. ಕಣ್ಣಿನ ಬಗ್ಗೆ ಇನ್ನೂ ಅರ್ಧ ಪುಟ. ಎಲ್ಲಿ ಚುಚ್ಚಿದೆ ಎಂಬ ಬಗ್ಗೆ ಒಂದಕ್ಷರವಿಲ್ಲ. ಹಳೆಯ ಸೀರೆ ನೋಡೋಣವೆಂದರೆ, ನೇಯುವವರ ಮನೆಯಲ್ಲಿ ಪಟ್ಟೆಸೀರೆ ಉಳಿಯುವುದುಂಟೆ? ಎಲ್ಲ ಮಾರಾಟಕ್ಕೆ ಹೋಗಿತ್ತು.

"ಅಜ್ಜಿ, ಇವತ್ತು ನಿಮ್ಮ ಗಿಣೀನ ಕೇಳಿಸ್ತೀನಿ" ಎಂದ ಸುಮುಖ. "ಒಂದೊಂದು ತೂತಿಗೂ ಒಂದೊಂದು ಸ್ವರ ಕೊಟ್ಟಿದೀನಿ."

"ಗಿಣಿ ಮಾತಾಡುತ್ತಾ ತಂಬಿ?"

"ಹಾಡುತ್ತೆ."

ಧರಣಿ ಗುಂಡಿ ಒತ್ತಿದಳು. ಚಟಪಟ ಸದ್ದು ಎದ್ದಿತು. ನಡುವೆ ಎರಡು ಕಡೆ, ಲೆಕ್ಕಕ್ಕೆ ಸಿಗದ ಹಾಗೆ 'ಟಿಣ್' ಎಂದಿತು.

"ಇದಾ ಹಾಡು? ಕಾದೆಣ್ಣೆಗೆ ಸಾಸುವೆ ಬಿದ್ದಂಗೈತೆ" ಎಂದಳು ಅಜ್ಜಿ.

ಫೋನು ಬಂತು. ತಾತನ ಪಕ್ಕದ ಮಗ್ಗದಲ್ಲಿ ಮೂವತ್ತು ವರ್ಷ ನೇಯ್ದ ಕರುಪ್ಪುಸಾಮಿ. "ಅತ್ತಿಗೆ, ಮೊದಲ್ನೇ ಟಿಣ್ಣೇ ನಮ್ಮಣ್ಣಂದು. ಸಂದೇಹನೇ ಇಲ್ಲೆ. ಇನ್ನೊಂದ್ ಸಲ ಹಾಕಮ್ಮ ಧರಣಿ." ಹಾಕಿದಳು. "ಇಲ್ಲೆ ಇಲ್ಲೆ, ಎರಡನೇದು. ಇರು... ಅಯ್ಯೋ ಸಾಮಿ, ಎರಡೂ ಒಂದೇ ಥರ ಐತಲ್ಲ!"

"ಕರುಪ್ಪಾ, ಕಿವಿ ಮೆಷಿನ್ನು ಕಿವೀಲೈತಾ, ಜೋಬಲ್ಲೈತಾ?"

ಸುಮುಖ ನಕ್ಕು ಮೈಕಿಗೆ ಬಾಗಿದ. "ಹಾಗಾದ್ರೆ ಕೇಳುಗರೇ ಓಟು ಹಾಕಿ. ಯಾವುದಕ್ಕೆ ಜಾಸ್ತಿ ಬರುತ್ತೋ ಅದೇ ತಾತನ ಚುಕ್ಕಿ. ಸೋಮವಾರ ಅದನ್ನೇ ಉಳಿಸೋಣ."

ಧರಣಿ ಗಾಜಿನ ಹತ್ತಿರಕ್ಕೆ ಬಗ್ಗಿದಳು. ತನ್ನ ಕೈವಾರದ ತೂತನ್ನೇ ಊರು ಗೆಲ್ಲಿಸಿಬಿಟ್ಟರೆ? ತಾತನದು ಮುಚ್ಚಿಹೋಗಿ, ತನ್ನ ಎಡವಟ್ಟು ಇನ್ನು ಎಷ್ಟೋ ಸೀರೆಗಳ ಮೇಲೆ ಹೊಳೆಯುತ್ತ ಕೂತರೆ? ಕೈ ತಾನಾಗಿ ಹೋಗಿ ತನ್ನ ಮೈಕಿನ ಗುಂಡಿ ಒತ್ತಿತು. ಕೆಂಪು ದೀಪ ಹತ್ತಿತು.

"ಅದು... ಹುಳ ಅಲ್ಲ. ನಾನು. ಟೇಪು ಹಚ್ಚಿ ಚುಚ್ಚೋವಾಗ ಎಲ್ಲೋ ಒಂದು ಜಾಸ್ತಿ ಚುಚ್ಚಿದ್ದೀನಿ. ಯಾವ್ದು ಅಂತ ನಂಗೇ ಗೊತ್ತಿಲ್ಲ. ಓಟು ಬ್ಯಾಡ."

ಗಾಜಿನಾಚೆ ಸುಮುಖ ಅಟ್ಟೆಗಳ ಸರದತ್ತ ಬಾಗಿದ. ಅಜ್ಜಿ ಮೊಮ್ಮಗಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅದು ನಿಮ್ ತಾತಂದು ಅಂತ ಯಾರ್ ಹೇಳ್ದಾರು? ಅಟ್ಟೆ ಹೊಲಿದೋಳು ನಾನು. ಚುಕ್ಕಿ ಹಾಕೋದು ಹೊಲಿಯೋ ಹೆಂಗಸು. ಕಣ್ಣ ಮುಚ್ಕೊಂಡು ಒಂದು ಅಟ್ಟೆ ಎಳೆಯೋದು, ಒಂದು ತೂತು ಗುದ್ದೋದು, ಹಂಗೇ ಒಳಗೆ ಸೇರ್ಸೋದು. ನೋಡಬಾರ್ದು. ನೋಡಿದ್ರೆ ನಮ್ ದೃಷ್ಟಿನೇ ಬಿದ್ದೋಗುತ್ತೆ."

"ಹಾಗಾದ್ರೆ ನೂರ ಹನ್ನೆರಡಾ, ಇನ್ನೂರ ಮೂರಾ?" ಸುಮುಖ ಕೇಳಿದ.

"ನಂಗೂ ತಿಳೀದು, ಅವರ್ಗೂ ತಿಳೀದು. ಹೊಸ ಅಟ್ಟೆಗೆ ಹಳೇ ಚುಕ್ಕಿ ಏತಕ್ಕೆ? ಎರಡನ್ನೂ ಮುಚ್ಚಿಸು. ಹೊಸದನ್ನ ನೀ ಹಾಕು ಧರಣಿ, ನನ್ ಕಣ್ಣೇ."

ಮನೆಗೆ ನಡೆಯುವಾಗ ಧರಣಿ ಹಳೆಯದನ್ನೆಲ್ಲ ನೆನೆದಳು. ಚಿಕ್ಕಂದಿನಿಂದ ತಾತನ ಚುಕ್ಕಿ, ತಾತನ ಚುಕ್ಕಿ ಎಂದು ಹೇಳಿ ಬೆಳೆಸಿದವಳು ಇದೇ ಅಜ್ಜಿ. ಆಗ ಹೇಳಿದ್ದು ಸುಳ್ಳೇ? ಅಥವಾ ಈಗ, ಮೊಮ್ಮಗಳ ಮಾನ ಊರೆದುರು ಹೋಗುತ್ತಿದ್ದುದನ್ನು ಕಂಡು ನಿಂತ ನಿಲುವಿನಲ್ಲಿ ಕಟ್ಟಿದ್ದೇ?

"ಅಜ್ಜಿ, ನೀ ಹೇಳಿದ್ದು ನಿಜನಾ?"

"ಬಿಸಿಲು ನೋಡು. ಕೊಡೆ ಬಿಚ್ಚು."

ಆ ಸಂಜೆ ಡೈರಿಯಲ್ಲಿ ಎರಡೇ ಸಾಲು. ಎರಡರ ಕೊನೆಯಲ್ಲೂ ಪ್ರಶ್ನೆಚಿಹ್ನೆ.

ಸೋಮವಾರ ದೀನದಯಾಳನ್ ಹೊಸ ಅಟ್ಟೆಗಳ ಕಟ್ಟನ್ನು ಮುಂದಿಟ್ಟು ಗೊಣಗಿದ. "ಎರಡನ್ನೂ ಮುಚ್ಚಿದ್ದಾಯ್ತು. ಮೆಷಿನ್ನು ಒಂದು ತಪ್ಪಿಲ್ದೆ ಹೊಡೆದೈತೆ, ನೀ ಬಂದು ಕೆಡಿಸ್ತೀಯಾ?"

ಧರಣಿ ತೂತು ಹೊಡೆಯುವ ಕೈಗುದ್ದನ್ನು ತೆಗೆದುಕೊಂಡು ಕಣ್ಣು ಮುಚ್ಚಿದಳು. ಕತ್ತಲಲ್ಲಿ ನೂರ ಹನ್ನೆರಡೂ ಇನ್ನೂರ ಮೂರೂ ತೇಲಿ ಬಂದವು. ಹೋಗುವವರೆಗೆ ಕಾದಳು. ಪೂರ್ತಿ ಹೋಗಲಿಲ್ಲ. ಕೈಗೆ ಸಿಕ್ಕ ಅಟ್ಟೆಯನ್ನು ಎಳೆದು ಗುದ್ದಿದಳು. ರಟ್ಟಿನ ಸಣ್ಣ ಬಿಲ್ಲೆಯೊಂದು ಪಾದದ ಮೇಲೆ ಬಿತ್ತು. ಅಟ್ಟೆಯನ್ನು ತಡವುತ್ತ ಅದರ ಸಂದಿಗೇ ತಳ್ಳಿದಳು.

"ಸರಿಯಾಗಿ ಗಿಣಿ ಕೊಕ್ಕಿ—" ಎಂದು ದೀನದಯಾಳನ್ ಶುರು ಮಾಡಿದ.

"ಹೇಳ್ಬ್ಯಾಡಿ ಅಣ್ಣಾ!"

ಆ ಕೂಗಿಗೆ ಪಕ್ಕದ ಟೀ ಅಂಗಡಿಯಲ್ಲಿ ಎತ್ತರದಿಂದ ಟೀ ಸುರಿಯುತ್ತಿದ್ದ ಕೈ ತಡೆಯಿತು. ದೀನದಯಾಳನ್ ಬಾಯಿ ಮುಚ್ಚಿ ಎರಡು ಹೆಜ್ಜೆ ಹಿಂದೆ ಸರಿದ.

ಧರಣಿ ಇನ್ನೂ ಕಣ್ಣು ತೆರೆದಿರಲಿಲ್ಲ.