ಫೌಲಪ್ಪ

"ಬರ್ತಾ ಇಲ್ಲ," ಎಂದ.

"ಅವಸರ ಏನಿಲ್ಲ ಸರ್, ಇನ್ನಷ್ಟು ನೀರು ಕುಡೀರಿ," ಎಂದ ಪರೀಕ್ಷಕ, ಪಕ್ಕದಲ್ಲೇ ನಿಂತು ಕಣ್ಣು ಕೀಳದೆ.

'ಮೂತ್ರ ಹೊರಬರುವುದು ಸಾಕ್ಷಿಗೆ ನೇರವಾಗಿ ಕಾಣತಕ್ಕದ್ದು.' ನಿಯಮ ಬರೆದವನು ಇವನೇ. ಕಾನೂನು ಓದಿದವನ ಚಪಲ. 'ತಕ್ಕದ್ದು' ಎಂದು ಬರೆದು ಅವತ್ತು ಎಷ್ಟು ಬೀಗಿದ್ದ! ಈಗ ಅದೇ ತಕ್ಕದ್ದು ಪ್ಯಾಂಟು ಇಳಿಸಿ ನಿಲ್ಲಿಸಿತ್ತು.

ಹನ್ನೊಂದು ವರ್ಷ ಸ್ನೂಕರ್‌ನವರದೊಂದು ಸಂಘ, ಬಿಲಿಯರ್ಡ್ಸ್‌ನವರದೊಂದು ಸಂಘ. ಹಾವು ಮುಂಗುಸಿ. ಒಂದಾಗಿ, ಉದ್ದೀಪನ ಮದ್ದಿನ ಪರೀಕ್ಷೆಗೂ ಒಪ್ಪಿದರೆ ಮಾತ್ರ ಒಲಿಂಪಿಕ್ಸ್ ಬಾಗಿಲು ತೆರೆದೀತು ಎಂದು ಎರಡೂ ಕಡೆಯವರ ಕೈಕಾಲು ಹಿಡಿದವನು ಇವನು. ಇವತ್ತು ಒಂದಾದ ಸಂಘದ ಮೊದಲ ಪಂದ್ಯ; ಇವನೂ ಆಡಿದ್ದ. ಪರೀಕ್ಷೆಗೆ ಚೀಟಿ ಎತ್ತಿದರೆ ಇವನದೇ ಹೆಸರು. ಎಲ್ಲರೂ ಚಪ್ಪಾಳೆ ತಟ್ಟಿದರು, ದರಿದ್ರದವರು.

ಬೆಳಿಗ್ಗೆ ಹೆಂಡತಿ ಕೇಳಿದ್ದಳು: "ಅತ್ತೆ ಬಿಪಿ ಮಾತ್ರೆ ಮತ್ತೆ ಕಮ್ಮಿ ಆಗಿದೆ ರೀ. ಎರಡೆರಡು ನುಂಗ್ತಿದ್ದಾರೋ ಏನೋ."

"ವಯಸ್ಸಾಯ್ತಲ್ಲ, ಮರೆವು," ಎಂದಿದ್ದ.

ಪಕ್ಕದ ಕೋಣೆಯಿಂದ ಅಮ್ಮ, "ಇರಬಹುದಮ್ಮಾ, ನನಗೇ ಗೊತ್ತಾಗ್ತಿಲ್ಲ," ಅಂದಳು.

ಮಾತ್ರೆ ಇವನ ಹೊಟ್ಟೆಯಲ್ಲಿತ್ತು. ಎದೆಬಡಿತ ಇಳಿಸುತ್ತದೆ, ಕೈ ನಡುಕ ನಿಲ್ಲಿಸುತ್ತದೆ. ನಿಷೇಧದ ಪಟ್ಟಿಗೆ ಅದನ್ನು ಸೇರಿಸಿದ್ದೂ ಇವನ ಕೈಯೇ.

"ಕಳೆದ ಏಳು ದಿನದಲ್ಲಿ ಏನಾದ್ರೂ ಔಷಧಿ?" ಪರೀಕ್ಷಕ ಫಾರಂ ತೆಗೆದು ನಕ್ಕ. "ಕೇಳೋಕೇ ನಾಚಿಕೆ ಸರ್. ಫೌಲಪ್ಪನ್ನ ಕೇಳೋದಾ!"

ಅಡ್ಡಹೆಸರು ಬಂದು ಇಪ್ಪತ್ತು ವರ್ಷ. ಕೋಟಿನ ತೋಳು ಚೆಂಡಿಗೆ ಸೋಕಿದರೆ, ರೆಫರಿ ನೋಡದಿದ್ದರೂ, ಆಟಗಾರ ತಾನೇ 'ಫೌಲ್' ಅನ್ನಬೇಕು. ಅದು ಈ ಆಟದ ಮರ್ಯಾದೆ. ಫೈನಲ್‌ನಲ್ಲಿ ಹಾಗೆಂದು ಸೋತವನು ಇವನು. ಆಮೇಲೆ ಎಲ್ಲಿ ಹೋದರೂ ಫೌಲಪ್ಪ.

'ಫೌಲ್' ನಾಲಿಗೆಯ ತುದಿಗೆ ಬಂತು. ಹೊರಗೆ ಒಲಿಂಪಿಕ್ಸ್ ಸಮಿತಿಗೆ ಹೋಗುವ ಪತ್ರ ಇವನ ಸಹಿಗೆ ಕಾದಿತ್ತು. ಬಾಯಿಬಿಟ್ಟರೆ ಪತ್ರ ಹರಿದಂತೆ, ಸಂಘ ಮತ್ತೆ ಒಡೆದಂತೆ. ಬಾಯಿ ಬಿಡದಿದ್ದರೂ ನಾಲ್ಕು ವಾರಕ್ಕೆ ಫಲಿತಾಂಶ ಬಂದಾಗ ಅದೇ ಗತಿ. ನಾಲ್ಕು ವಾರ ಮಾತ್ರ ಮಾನ ಉಳಿದೀತು.

"ಇಲ್ಲ," ಎಂದ.

ಎಂದದ್ದೇ ತಡ, ಮೂತ್ರ ಬಂತು. ಥೂ! ಕಿವಿ ಸುಟ್ಟುಹೋಯಿತು. ಅಮ್ಮನ ಮುಖ ಕಣ್ಣಿಗೆ ಕಟ್ಟಿತು. ತಾನು ನುಂಗದ ಮಾತ್ರೆಗೆ ತನ್ನ ನೆನಪನ್ನೇ ಅನುಮಾನಿಸುತ್ತಾ ಕೂತಿದ್ದಳು.

ಎರಡು ಸೀಸೆಗಳಿಗೆ ಆಟಗಾರನೇ ಸುರಿಯಬೇಕು. ಅದೂ ಇವನದೇ ನಿಯಮ. ನಡುಗು, ಎಂದು ಕೈಯನ್ನು ಬೇಡಿಕೊಂಡ. ಒಂದು ಹನಿಯಾದರೂ ಚೆಲ್ಲಲಿ.

"ಅಬ್ಬಾ, ಈ ವಯಸ್ಸಲ್ಲೂ ಎಂಥ ಕೈ ಸರ್!"

ಸೀಸೆ ತುಂಬಿತು. ಬೆಳಕಿಗೆ ಹಿಡಿದ. ಹಳದಿ ನೀರು ಕೊಂಚವೂ ಅಲುಗದೆ ಇವನ ಕೈಯಲ್ಲಿ ನಿಂತಿತ್ತು.