ಸಂಬಳದ ಕೋವಿಗಳು

ಟಕ್.

ಸಣ್ಣ ಸದ್ದು. ಓಣಿಯೆಲ್ಲ ಮಲಗಿ ಎಷ್ಟೋ ಹೊತ್ತಾಗಿತ್ತು. ಪಾತ್ರೆಯಕ್ಕ ಕಣ್ಣು ಬಿಟ್ಟಳು. ಇಲಿಯ ಸದ್ದಲ್ಲ. ನಲ್ಲಿ ಸೋರುತ್ತಿದೆ ಎನ್ನಲು ಮನೆಯಲ್ಲಿ ನಲ್ಲಿಯೇ ಇರಲಿಲ್ಲ. ಮತ್ತೆ ಟಕ್.

ಗಂಡ ಚಾಪೆಯ ಮೇಲೆ ಮಂಡಿಯೂರಿದ್ದ. ಉದ್ದನೆಯ ಕೋವಿಯನ್ನು ಹೆಗಲಿಗಾನಿಸಿ, ಕಿಟಕಿಯಾಚೆಯ ಚಂದ್ರನಿಗೆ ಗುರಿಯಿಟ್ಟು ಟ್ರಿಗರ್ ಎಳೆಯುತ್ತಿದ್ದ.

"ರೀ, ತಲೆ ಕೆಟ್ಟಿದ್ಯಾ?"

"ಸುಮ್ನಿರೇ. ದೊಡ್ಡ ಮನುಷ್ಯರ ಹಾಗೆ ಬೇಟೆ ಆಡ್ತಿದ್ದೀನಿ."

"ಸಿಡಿದ್ರೆ?"

"ಒಳಗಿನ ಮೊಳೆ ಕಿತ್ತಿದ್ದಾರಲ್ಲೇ, ಹೆಂಗೆ ಸಿಡಿಯುತ್ತೆ? ನನ್ನ ಜೇಬಿನ ಹಾಗೆ, ಬರೀ ಸದ್ದು."

ಮೂಲೆಯ ಕಂಬಳಿಯೊಳಗಿಂದ ಅತ್ತೆಯ ದನಿ ಬಂತು: "ನಿನ್ನ ಜೇಬಲ್ಲಿ ಸದ್ದಾದ್ರೂ ಎಲ್ಲಿದೆಯೋ ಮಗನೇ?"

ಪಾತ್ರೆಯಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆ ವಾರ ಆ ಮನೆಯಲ್ಲಿ ಎಲ್ಲರಿಗೂ ನಗು ಬಂದು ಬಂದು ಹೋಗುತ್ತಿತ್ತು, ಜ್ವರದ ಹಾಗೆ.

ಕೋವಿಗಳು ಅವಳ ದೊಡ್ಡಪ್ಪನವು. ತಾಯಿಯಿಲ್ಲದ ಅವಳನ್ನು ಸಾಕಿದವನು ಅವನೇ. ಬಂಗಲೆಯೊಂದರ ಗೇಟು ಕಾಯುತ್ತ ಅವನ ಬದುಕು ಸವೆದಿತ್ತು. ಬಂಗಲೆಯ ಯಜಮಾನನಿಗೆ ಬೇಟೆಯ ಹುಚ್ಚು, ಸಂಬಳ ಕೊಡುವುದೆಂದರೆ ಹೊಟ್ಟೆನೋವು. "ಈಗ ಕೈ ಬಿಗಿ ಕಣೋ, ಇದನ್ನ ಇಟ್ಕೋ. ಇದರ ಬೆಲೆ ನಿನಗೇನು ಗೊತ್ತು" ಎಂದು ಗೋಡೆಯ ಮೇಲಿನ ಹಳೆಯದೊಂದು ಕೋವಿ ಇಳಿಸಿ ಕೊಡುತ್ತಿದ್ದ. ಕೊಡುವ ಮುಂಚೆ ಠಾಣೆಯಲ್ಲಿ ಅದರ ಮೊಳೆ ಕೀಳಿಸಿ ಕಾಗದ ಮಾಡಿಸುತ್ತಿದ್ದ. ಗೇಟು ಕಾಯಲು ನಂಬಿದವನನ್ನು ಕೋವಿಯ ವಿಷಯದಲ್ಲಿ ನಂಬುತ್ತಿರಲಿಲ್ಲ. "ಇದನ್ನ ಬೇಯಿಸಿದ್ರೆ ಎಷ್ಟು ಹೊತ್ತಿಗೆ ಮೆತ್ತಗಾಗುತ್ತೆ ಮಗಾ?" ಎಂದು ದೊಡ್ಡಪ್ಪ ನಗುತ್ತಲೇ ಮಂಚದ ಕೆಳಗೆ ತಳ್ಳುತ್ತಿದ್ದ. ಅವನು ಸತ್ತಾಗ ಮಂಚದ ಕೆಳಗೆ ಒಂಬತ್ತು ಕೋವಿಗಳಿದ್ದವು.

ಪಾತ್ರೆಯಕ್ಕ ಹಾಸ್ಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಬೆರಳ ಸಂದಿಗಳು ಬಿರಿದು, ಉಪ್ಪು ತಾಗಿದರೆ ಜೀವ ಹೋಗುತ್ತಿತ್ತು. ಓಣಿಯ ತಿರುವಿನಲ್ಲಿ ನಲ್ಲಿಯಿರುವ ಪುಟ್ಟ ಮಳಿಗೆಯೊಂದು ಖಾಲಿ ಬಿದ್ದಿತ್ತು. ಕೋವಿ ಮಾರಿ ಅದಕ್ಕೆ ಮುಂಗಡ ಕೊಟ್ಟು ಚಹಾದಂಗಡಿ ಹಾಕಬೇಕು. ತೊಳೆಯುವುದು ತಪ್ಪುವುದಿಲ್ಲ. ಆದರೆ ತನ್ನ ಲೋಟವನ್ನು ತಾನು ತೊಳೆಯುವುದೇ ಬೇರೆ.

ಮಾರುವ ಮೊದಲೇ, ಠಾಣೆಯ ಕಾಗದದ ಜಾಡು ಹಿಡಿದು ತೆರಿಗೆ ಸಾಹೇಬರು ಬಂದರು. ಮೂಗಿಗೆ ಕರವಸ್ತ್ರ ಹಿಡಿದು, ಕೋವಿಗಳನ್ನು ನೋಡಿ, ಅವುಗಳ ಫೋಟೋ ತೆಗೆಸಿಕೊಂಡು ಹೋದರು. ಆಮೇಲೆ ಜವಾನನೊಬ್ಬ ಬಂದು ಕಟ್ಟಬೇಕಾದ ಮೊತ್ತ ಹೇಳಿದ. ಬಳುವಳಿಯಾಗಿ ಬಂದ ಸೊತ್ತು, ತಿಂಗಳ ಕೊನೆಯೊಳಗೆ ಕಟ್ಟದಿದ್ದರೆ ಮನೆಯ ಸಾಮಾನು ಜಪ್ತಿ.

ಪಾತ್ರೆಯಕ್ಕ ವರ್ಷವಿಡೀ ತೊಳೆದರೂ ಅಷ್ಟು ದುಡ್ಡಾಗುತ್ತಿರಲಿಲ್ಲ. ಗಂಡ ಮಾತ್ರ ಕುಣಿದುಬಿಟ್ಟ.

"ಲೇ, ತೆರಿಗೆಯೇ ಇಷ್ಟಾದ್ರೆ ಬೆಲೆ ಎಷ್ಟಿರಬೇಕೇ!"

ಆ ಮಾತು ಓಣಿಗೆಲ್ಲ ಹಬ್ಬಿತು. ಅಷ್ಟು ದೊಡ್ಡ ತೆರಿಗೆ ಬಿದ್ದವರು ಆ ಓಣಿಯಲ್ಲಿ ಹಿಂದೆಂದೂ ಇರಲಿಲ್ಲ. ಜನ ಬಂದು ಬಂದು ಕೈ ಕುಲುಕಿದರು. ಕೈಗಾಡಿ ತಳ್ಳುವ ಗಾಡಿಯಣ್ಣ "ಇನ್ನು ಮೇಲೆ ನಮ್ಮನ್ನೆಲ್ಲ ಮಾತಾಡಿಸ್ತೀಯೇನಕ್ಕ?" ಎಂದ. "ಅರ್ಜಿ ಹಾಕಿ ನೋಡು" ಎಂದಳು ಅತ್ತೆ.

ಮಾರುವ ವಸ್ತು ಮಿರಮಿರ ಮಿಂಚಬೇಡವೇ? ಪಾತ್ರೆಯಕ್ಕ ಸೀರೆ ಎತ್ತಿ ಕಟ್ಟಿ, ಬೂದಿ, ಮರಳು, ತೆಂಗಿನ ನಾರು ತಂದು ಕೂತಳು. ನೆರೆಯವರೂ ಕೈ ಹಾಕಿದರು. ಹಾಡೇನು, ಕೇಕೆಯೇನು! ಕಪ್ಪುಗಟ್ಟಿದ ನಳಿಗೆಗಳು ಹೊಸ ಚೊಂಬಿನಂತೆ ಬೆಳ್ಳಗಾದವು. ಏಳು ಕೋವಿ ಆಗುವಷ್ಟರಲ್ಲಿ ಬೂದಿ ಮುಗಿಯಿತು. ಉಳಿದೆರಡನ್ನು ಹಾಗೆಯೇ ಗೋಣಿಯಲ್ಲಿ ಸುತ್ತಿದರು. ಬೆಳಗ್ಗೆ ಎಲ್ಲವೂ ಗಾಡಿಯಣ್ಣನ ಗಾಡಿ ಏರಿ ಕೋವಿ ಅಂಗಡಿಗೆ ಹೊರಟವು, ಹಿಂದೆ ಪಾತ್ರೆಯಕ್ಕ, ಗಂಡ, ಅತ್ತೆ.

ಅಂಗಡಿಯ ಧಣಿ ಮೊದಲ ಕೋವಿ ನೋಡಿದವನೇ ಎದೆ ಹಿಡಿದುಕೊಂಡ.

"ಏನಮ್ಮಾ ಮಾಡಿದ್ರಿ ಇದಕ್ಕೆ?"

"ತಿಕ್ಕಿದ್ವಿ ಧಣಿ. ಬೂದಿ ಹಾಕಿ."

"ಅಯ್ಯೋ ಕರ್ಮವೇ! ಹಳೇ ಕೋವಿಗೆ ಬೆಲೆ ಇರೋದೇ ಆ ಮಾಸಿದ ಬಣ್ಣದಲ್ಲಿ. ಅದನ್ನೇ ತಿಕ್ಕಿ ತೆಗೆದಿದ್ದೀರಿ. ಈಗ ಇದು ಕೋವಿಯಲ್ಲ, ಸೌಟು. ಗುಜರಿ ರೇಟು ಕೊಡಬಹುದು ಅಷ್ಟೇ."

ಪಾತ್ರೆಯಕ್ಕ ತನ್ನ ಬಿರಿದ ಬೆರಳುಗಳನ್ನು ನೋಡಿಕೊಂಡಳು. ತನ್ನ ಕೈಯಾರೆ! ಗಂಡನ ಮುಖ ನೋಡಲಾರದೆ ಗೋಣಿ ಬಿಚ್ಚಿದಳು. "ಇವೆರಡು ತಿಕ್ಕಿಲ್ಲ ಧಣಿ."

ಯಾವಾಗಲೂ ಎದುರಿನವರ ಮುಖ ನೋಡುತ್ತಲೇ ಬದುಕಿದವಳು ಅವಳು. ಧಣಿಯ ಕಣ್ಣು ಒಂದು ಗಳಿಗೆ ಹೊತ್ತಿಕೊಂಡು, ಬೇಕೆಂದೇ ಆರಿದ್ದನ್ನು ಕಂಡಳು.

"ಇವೂ ಅಷ್ಟೇ. ತುಕ್ಕು ತಿಂದುಬಿಟ್ಟಿದೆ."

"ತಿಕ್ಕಿದ್ದಕ್ಕೆ ಬಣ್ಣ ಹೋಯ್ತು ಅಂದ್ರಿ. ತಿಕ್ಕದೇ ಇದ್ದದ್ದಕ್ಕೆ ತುಕ್ಕು ಅಂತೀರಿ. ಹಂಗಾದ್ರೆ ತಿಕ್ಕಿದ್ರೂ ತಪ್ಪು, ತಿಕ್ಕದಿದ್ರೂ ತಪ್ಪಾ?"

"ಮಾರೋಳು ನೀನು, ಬೆಲೆ ಹೇಳೋನು ನಾನು. ಬೇಡವಾದ್ರೆ ಹೊತ್ಕೊಂಡು ಹೋಗು. ತೆರಿಗೆ ಕಟ್ಟೋಕೆ ಇನ್ನೆಷ್ಟು ದಿನ ಇದೆ?"

ತೆರಿಗೆಯ ಮಾತು ಇವನಿಗೆ ಹೇಗೆ ಗೊತ್ತು? ಅವಳು ಕೇಳಲಿಲ್ಲ, ಮನಸ್ಸಿನಲ್ಲಿಟ್ಟುಕೊಂಡಳು.

ಬೀದಿಗೆ ಬಂದು ಎಲ್ಲರೂ ಗಾಡಿಯ ಸುತ್ತ ಹೆಣ ಕಾಯುವವರಂತೆ ನಿಂತರು. ಗಾಡಿಯಣ್ಣ ತಲೆ ಕೆರೆದುಕೊಂಡ.

"ಅಲ್ಲಕ್ಕ, ಈ ಊರಲ್ಲಿ ಇದಕ್ಕೆ ಒಳ್ಳೆ ಬೆಲೆ ಹಾಕಿರೋರು ಒಬ್ಬರೇ, ತೆರಿಗೆ ಸಾಹೇಬರು. ಅವರಿಗೇ ಮಾರಿದ್ರೆ?"

ಮೊದಲು ಅತ್ತೆ ನಕ್ಕಳು. ಆಮೇಲೆ ಗಂಡ. ಆಮೇಲೆ ನಗು ಯಾರ ಹಿಡಿತಕ್ಕೂ ಸಿಗಲಿಲ್ಲ. ನಗುನಗುತ್ತಲೇ ಗಾಡಿ ತಿರುಗಿಸಿದರು. ದಾರಿಯಲ್ಲಿ ಓಣಿಯವರೂ ಸೇರಿಕೊಂಡರು. ತೆರಿಗೆ ಕಚೇರಿಗೆ ಮೆಟ್ಟಿಲು, ಗಾಡಿ ಹತ್ತಲಿಲ್ಲ. ಕೈಗೊಂದೊಂದು ಕೋವಿ ಹಿಡಿದು ಎಲ್ಲರೂ ಮೆಟ್ಟಿಲೇರಿದರು.

ಬಾಗಿಲಲ್ಲಿದ್ದ ಕಾವಲಿನವನು ಎರಡೂ ಕೈ ಮೇಲೆತ್ತಿದ. "ನಮಸ್ಕಾರ ಕಣಪ್ಪ, ಒಂದು ಕೈ ಸಾಕಾಗಿತ್ತು" ಎನ್ನುತ್ತ ಅತ್ತೆ ಒಳನಡೆದಳು. ಗುಮಾಸ್ತರು ಎದ್ದ ರಭಸಕ್ಕೆ ಕುರ್ಚಿಗಳು ಹಿಂದಕ್ಕೆ ಬಿದ್ದವು. ಕಿತ್ತ ಮೊಳೆಯ ನೆನಪು ಅಲ್ಲಿ ಯಾರಿಗೂ ಬರಲಿಲ್ಲ. ಸಾಹೇಬರು ಅರ್ಧ ಮೇಜಿನ ಕೆಳಗಿದ್ದರು, ಅರ್ಧ ಮೇಲಿದ್ದರು.

ಪಾತ್ರೆಯಕ್ಕನಿಗೆ ಕೈಯಲ್ಲಿದ್ದದ್ದನ್ನು ಆಡಿಸಿಕೊಂಡು ಮಾತಾಡುವ ಅಭ್ಯಾಸ. ಹಾಸ್ಟೆಲಿನಲ್ಲಾದರೆ ಅದು ಸೌಟು, ಇಲ್ಲಿ ಕೋವಿ.

"ಸ್ವಾಮಿ, ಇದರ ಬೆಲೆ ಎಷ್ಟು?"

"ನೀವು... ನೀವು ಹೇಳಿದಷ್ಟು ತಾಯಿ!"

"ನಾನು ಹೇಳೋದಲ್ಲ, ನೀವು ಹಾಕಿದ್ದು. ಆ ಬೆಲೆಗೆ ನೀವೇ ತಗೊಳ್ಳಿ. ನಿಮ್ಮ ತೆರಿಗೆ ಮುರ್ಕೊಂಡು ಮಿಕ್ಕಿದ್ದು ಕೊಡಿ."

ಸಾಹೇಬರ ಕೈಗಳು ತಾವಾಗಿಯೇ ಮೇಲಕ್ಕೆ ಹೋದವು. "ಆ ಬೆಲೆ ನಂದಲ್ಲಮ್ಮ! ಕೋವಿ ಅಂಗಡಿ ಧಣಿ ಫೋಟೋ ನೋಡಿ ಹೇಳಿದ್ದು! ಈ ಊರಲ್ಲಿ ಅದನ್ನ ಬಲ್ಲವನು ಅವನೊಬ್ಬನೇ!"

ತೆರಿಗೆಗೆ ಚಿನ್ನ, ಕೊಳ್ಳುವಾಗ ಗುಜರಿ. ತೆರಿಗೆಗೆ ಹೆದರಿ ಗುಜರಿಗೆ ಕೊಟ್ಟು ಹೋಗಲಿ ಎಂದು ಧಣಿ ಹೂಡಿದ ಆಟ. ಎಲ್ಲರಿಗೂ ಒಟ್ಟಿಗೇ ತಿಳಿಯಿತು.

"ಕರೆಸಿ ಅವನನ್ನ" ಎಂದಳು ಪಾತ್ರೆಯಕ್ಕ.

ಧಣಿ ಬಂದ. ಬಾಗಿಲಲ್ಲೇ ಬೆವೆತ.

"ಎಲ್ಲರ ಮುಂದೆ ಒಂದು ಬೆಲೆ ಹೇಳಿ ಧಣಿ. ಒಂದೇ ಒಂದು. ಗುಜರಿಯಾದ್ರೆ ತೆರಿಗೆಗೂ ಗುಜರಿ. ಚಿನ್ನವಾದ್ರೆ ದುಡ್ಡು ಎಣಿಸಿ."

ಧಣಿ ಸಾಹೇಬರನ್ನು ನೋಡಿದ. "ನನ್ನನ್ಯಾಕ್ರೀ ನೋಡ್ತೀರಾ?" ಸಾಹೇಬರು ಕಿರುಚಿದರು. "ಅವತ್ತು ನೀವು ಹೇಳಿದ್ದನ್ನೇ ನಾನು ಬರೆದಿದ್ದು. ಕೊಡ್ರೀ ಅವರಿಗೆ!"

ತಿಕ್ಕದ ಎರಡಕ್ಕೆ ಹೇಳಿದ ಬೆಲೆ ಪೂರ್ತಿ, ತಿಕ್ಕಿದ ಏಳಕ್ಕೆ ಅರ್ಧ ಎಂದಾಯಿತು. ತೆರಿಗೆಯೂ ಆ ಬೆಲೆಗೆ ತಕ್ಕಂತೆ ಇಳಿಯಿತು. ಸಾಹೇಬರು ರಸೀದಿ ಬರೆಯುತ್ತಿದ್ದಾಗ ಪಾತ್ರೆಯಕ್ಕ ಕೇಳಿದಳು:

"ಸ್ವಾಮಿ, ಇದು ನಮ್ಮ ದೊಡ್ಡಪ್ಪನ ಸಂಬಳ. ಕೊಡದೇ ಹೋದವನು ಯಾವ ತೆರಿಗೆ ಕಟ್ಟಿದ?"

"ಅದು ನಮ್ಮ ವಿಭಾಗಕ್ಕೆ ಬರೋದಿಲ್ಲಮ್ಮ."

"ಯಾರ ವಿಭಾಗಕ್ಕೆ ಬರುತ್ತೆ?"

ಸಾಹೇಬರು ರಸೀದಿಗೆ ಮೊಹರು ಒತ್ತಿದರು.

ಮಳಿಗೆಯ ಮುಂಗಡಕ್ಕಾಗುವಷ್ಟು ಉಳಿಯಿತು, ಅದಕ್ಕಿಂತ ಹೆಚ್ಚೇನಿಲ್ಲ. ಓಣಿಯವರು ಖಾಲಿ ಗಾಡಿಯಲ್ಲಿ ಅತ್ತೆಯನ್ನು ಕೂರಿಸಿಕೊಂಡು ಓಡಿಸಿದರು. ಗಂಡ ಹಿಂದೆ ಓಡುತ್ತ ಸಾಹೇಬರ ಹಾಗೆ ಕೈಯೆತ್ತಿ ತೋರಿಸುತ್ತಿದ್ದ. ನಗುವಿನ ನಡುವೆ ಅತ್ತೆ ತಟ್ಟನೆ ಸೊಸೆಯ ಕಡೆ ತಿರುಗಿದಳು.

"ಅಲ್ವೇ, ಅವರು ಹೆದರಿದ್ದು ನಿನಗೆ ನಿಜವಾಗ್ಲೂ ಗೊತ್ತಾಗಲಿಲ್ವಾ?"

"ಇಲ್ಲ ಅತ್ತೆ. ಮಾತಿನ ಭರ" ಎಂದಳು ಪಾತ್ರೆಯಕ್ಕ.

ಗೊತ್ತಾಗಿತ್ತು. ಸಾಹೇಬರ ಕೈ ಮೇಲೆ ಹೋದಾಗಲೇ ಗೊತ್ತಾಗಿತ್ತು. "ಇಳಿಸೇ ಅದನ್ನ" ಎಂದು ಗಂಡ ಪಿಸುಗುಟ್ಟಿದ್ದು ಮೊದಲ ಸಲವೇ ಕೇಳಿಸಿತ್ತು. ಆದರೂ ಅವನು ಮೂರನೆಯ ಸಲ ಹೇಳುವ ತನಕ ಅವಳ ತೋಳು ಇಳಿಯಲಿಲ್ಲ. ತನ್ನ ಮಾತು ಮುಗಿಯುವವರೆಗೆ ಎದುರಿನವನೊಬ್ಬ ಬಾಯಿ ಮುಚ್ಚಿ ಕೇಳಿಸಿಕೊಂಡದ್ದು ಅದೇ ಮೊದಲು. ಆ ರುಚಿ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ಗಂಡನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದುಕೊಂಡು ಅವಳು ಗಾಡಿಯ ಹಿಂದೆ ಓಡಿದಳು.